ಮಕ್ಕಳ ಟ್ಯಾಬಿನಲ್ಲಿ ನಲವತ್ತೆರಡು ಇಂಚಿನ ಸೊಂಟ

ಪ್ರಶ್ನೆ ಕೇಳಿದ ಕೂಡಲೇ ಉತ್ತರ ಕೊಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ನನ್ನ ಉತ್ತರಗಳು ಎಲ್ಲೋ ದಾರಿಯಲ್ಲಿ ಕೂತು, ಸುಧಾರಿಸಿಕೊಂಡು, ಆಮೇಲೆ ನಿಧಾನವಾಗಿ ಬರುತ್ತವೆ. ಬರುವ ಹೊತ್ತಿಗೆ ಪ್ರಶ್ನೆ ಕೇಳಿದವರು ಎದ್ದು ಹೋಗಿ ಅಲ್ಲಿ ಬೇರೆ ಯಾರೋ ಕೂತಿರುತ್ತಾರೆ. ಉತ್ತರಕ್ಕೆ ಅದರ ಪರಿವೆಯೇ ಇರುವುದಿಲ್ಲ, ಕೂತವರ ಮೇಲೆ ಬಿದ್ದುಬಿಡುತ್ತದೆ. ಮದುವೆಯಾದ ಹೊಸದರಲ್ಲಿ ಒಂದು ಬೆಳಿಗ್ಗೆ ಹೆಂಡತಿ ಸರೋಜ "ಉಪ್ಪಿಟ್ಟು ಮಾಡ್ಲಾ, ಚಿತ್ರಾನ್ನ ಮಾಡ್ಲಾ?" ಎಂದು ಕೇಳಿದಳು. ನಾನು ಯೋಚಿಸತೊಡಗಿದೆ. ಅವಳು ಕಾದು ಬೇಸತ್ತು ಉಪ್ಪಿಟ್ಟನ್ನೇ ಮಾಡಿದಳು, ಇಬ್ಬರೂ ತಿಂದೆವು, ಪಾತ್ರೆ ತೊಳೆದದ್ದೂ ಆಯಿತು. ಮಧ್ಯಾಹ್ನ ಮಡಕಶಿರಾದಿಂದ ಬಂದಿಳಿದ ಮಾವನವರು "ಚೆನ್ನಾಗಿದ್ದೀರಾ ಅಳಿಯಂದ್ರೆ?" ಎಂದು ಕೇಳಿದಾಗ ನಾನು ಗಟ್ಟಿಯಾಗಿ "ಚಿತ್ರಾನ್ನ" ಎಂದೆ. ಮಾವನವರು ದೊಡ್ಡ ಮನಸ್ಸಿನವರು. ಪಾಪ, ಹುಡುಗನಿಗೆ ಹಸಿವಾಗಿರಬೇಕು ಎಂದುಕೊಂಡು ಚೀಲದಿಂದ ಬಾಳೆಹಣ್ಣು ತೆಗೆದು ಕೊಟ್ಟರು.

ಇಂಥ ಮನುಷ್ಯ ವೆಬ್ ಪೇಜು ಮಾಡಲು ಹೊರಟರೆ ಏನಾಗಬೇಕೋ ಅದೇ ಆಯಿತು. ನಮ್ಮ ರಾಯದುರ್ಗದಲ್ಲಿ ಯಾವ ಓಣಿಗೆ ಹೋದರೂ ಜೀನ್ಸ್ ಹೊಲಿಯುವ ಮಷೀನಿನ ಸದ್ದು ಕೇಳುತ್ತದೆ. ಕಟ್ಟೆಯ ಮೇಲೆ ಹೆಂಗಸರು ಕೂತು ಪ್ಯಾಂಟಿನ ದಾರ ಕತ್ತರಿಸುತ್ತಿರುತ್ತಾರೆ. ಸಂಜೆ ಸೀನಿದರೆ ಕರವಸ್ತ್ರ ನೀಲಿಯಾಗುವ ಊರು ನಮ್ಮದು. ನಮ್ಮ ಮನೆಯ ಹಿಂದೆಯೂ ತಗಡಿನ ಶೆಡ್ಡಿನಲ್ಲಿ ಹತ್ತು ಮಷೀನುಗಳಿವೆ. ಮೊದಲೆಲ್ಲ ನಾನು ಸ್ಯಾಂಪಲ್ ಪ್ಯಾಂಟುಗಳನ್ನು ಚೀಲಕ್ಕೆ ತುಂಬಿಕೊಂಡು ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ಅಂಗಡಿಯವರಿಗೆ ತೋರಿಸಿ ಬರುತ್ತಿದ್ದೆ. ಈಗ ಅಂಗಡಿಯವರಿಗೆ ಚೀಲ ಬೇಡ. ಅಲ್ಲಿನ ಒಬ್ಬ ಸಾಹುಕಾರರು ಫೋನಿನಲ್ಲಿ ಹೇಳಿಯೇಬಿಟ್ಟರು: "ಫೋಟೋ ಒಂದೊಂದಾಗಿ ಕಳಸಬ್ಯಾಡ್ರಿ, ಯಾವುದು ಯಾರದು ಅಂತ ತಿಳಿಯಂಗಿಲ್ಲ. ಅಂಗಡ್ಯಾಗ ಖಾನೆ ಖಾನೆ ಇಟ್ಟಂಗ, ಮೊಬೈಲಿನಾಗ ಬ್ಯಾರೆ ಬ್ಯಾರೆ ಮಾಡಿ ತೋರಸ್ರಿ. ಹಬ್ಬದ ಮಾಲಿನ ಆರ್ಡರು ಯಾರಿಗೆ ಕೊಡಬೇಕಂತ ಈ ಶನಿವಾರದೊಳಗ ನೋಡತೀನಿ."

ಹಬ್ಬದ ಆರ್ಡರು ಸಿಗುವುದೂ ಬಿಡುವುದೂ ನನಗೊಬ್ಬನಿಗೆ ಸಂಬಂಧಪಟ್ಟದ್ದಾಗಿದ್ದರೆ ಎಂದಿನಂತೆ ಯೋಚಿಸುತ್ತ ಕೂತಿರುತ್ತಿದ್ದೆ. ಆದರೆ ಅದು ನಮ್ಮ ಹನುಮಕ್ಕನ ಮಾತಾಗಿತ್ತು. ಹನುಮಕ್ಕ ಬೆಳುಗುಪ್ಪದವಳು. ನಮ್ಮಲ್ಲಿ ಪ್ಯಾಂಟಿಗೆ ಸೊಂಟಪಟ್ಟಿ ಕೂರಿಸುವ ಬೆಲ್ಟ್ ಮಷೀನು ಅವಳದು. ಅವಳು ಒಂದು ದಿನ ಬರದಿದ್ದರೆ ಸಂಜೆಗೆ ನಮ್ಮ ಶೆಡ್ಡಿನಲ್ಲಿ ಪ್ಯಾಂಟುಗಳಿರುವುದಿಲ್ಲ, ಬರೀ ಕಾಲುಗಳ ರಾಶಿ ಇರುತ್ತದೆ. ಒಂಬತ್ತನೇ ಕ್ಲಾಸಿನ ಮಗಳನ್ನು ಜೊತೆಗಿಟ್ಟುಕೊಂಡು ಊರಲ್ಲೇ ಒಂದು ಕೋಣೆಯಲ್ಲಿದ್ದಾಳೆ. ಎರಡು ತಿಂಗಳಿಂದ ಕೆಲಸ ವಾರಕ್ಕೆ ಮೂರು ದಿನಕ್ಕೆ ಇಳಿದಿತ್ತು. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿರುವ ಅವಳ ತಂಗಿ ಅಲ್ಲಿ ಮಾತಾಡಿ ಇಟ್ಟಿದ್ದಳು, ಸೋಮವಾರ ಬಂದರೆ ಸೇರಿಸಿಕೊಳ್ಳುತ್ತಾರಂತೆ. ಮಗಳನ್ನು ಬೆಳುಗುಪ್ಪದಲ್ಲಿ ಅಜ್ಜಿಯ ಹತ್ತಿರ ಬಿಡಬೇಕು. ಹಿಂದೊಮ್ಮೆ ಎರಡು ವರ್ಷ ಹಾಗೆ ಬಿಟ್ಟು ಹೋಗಿ ಬಂದವಳು ಅವಳು. "ಬಂದಾಗ ಮಗಳು ನನ್ನ ಮುಂದ ನಾಚಿಕೊಂತಿದ್ಲು ಅಣ್ಣಾ, ಯಾರೋ ನೆಂಟರು ಬಂದಂಗ," ಎಂದು ಅವಳು ಹೇಳಿದ್ದನ್ನು ನಾನು ಮರೆತಿರಲಿಲ್ಲ. ಆ ಸೋಮವಾರಕ್ಕೆ ಸರಿಯಾಗಿ ಒಂದು ವಾರ ಮೊದಲು ಹನುಮಕ್ಕ ನನ್ನ ಮೇಜಿನ ಮುಂದೆ ನಿಂತು ಕೇಳಿದಳು: "ಅಣ್ಣಾ, ಹೋಗ್ಲೇನ್ರಿ, ಇರ್ಲೇನ್ರಿ? ನೀವು ಒಂದು ಮಾತು ಹೇಳ್ರಿ."

ಇರು ಎನ್ನಲು ಕೈಯಲ್ಲಿ ಕೆಲಸವಿಲ್ಲ. ಹೋಗು ಎನ್ನಲು ನಾಲಿಗೆ ಹೊರಳಲಿಲ್ಲ. ನಾನು ಅಂಗಿಯ ತೋಳಿಗೆ ಅಂಟಿದ್ದ ನೀಲಿ ನೂಲಿನ ಜುಂಗನ್ನು ಬಿಡಿಸುತ್ತ ನಿಂತೆ. ಅವಳು ಒಂದಿಷ್ಟು ಹೊತ್ತು ನೋಡಿ ಮಷೀನಿಗೆ ಹೋದಳು. ನನ್ನ ಉತ್ತರ ಎಂದಿನಂತೆ ಎಲ್ಲೋ ಹೊರಟಿರಬೇಕು, ನನಗೆ ಗೊತ್ತಾಗಲಿಲ್ಲ.

ಅವತ್ತೇ ವೆಬ್ ಪೇಜಿಗೆ ಕೂತೆ. ಬಳ್ಳಾರಿಯಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತ ಸರ್ಟಿಫಿಕೇಟು ನನ್ನ ಹತ್ತಿರ ಇದೆ. ಅದಕ್ಕೆ ಗಾಜು ಹಾಕಿಸಿ ನೇಮಕಲ್ಲು ಆಂಜನೇಯನ ಪಟದ ಪಕ್ಕ ತೂಗುಹಾಕಿದ್ದೇನೆ. ಶನಿವಾರ ಪೂಜೆಯ ಹೊತ್ತಿನಲ್ಲಿ ಸರೋಜ ಅದಕ್ಕೂ ಒಂದು ಚಿಟಿಕೆ ಕುಂಕುಮ ಇಡುತ್ತಾಳೆ. ಭಕ್ತಿಯಿಂದಲೋ ಕೀಟಲೆಗೋ ಕೇಳುವ ಧೈರ್ಯ ನನಗಾಗಿಲ್ಲ. ಪುಟದ ಮೇಲೆ ಸಾಲಾಗಿ ಮೂರು ಟ್ಯಾಬು ಮಾಡಿದೆ: ಗಂಡಸರದು, ಹೆಂಗಸರದು, ಮಕ್ಕಳದು. ಯಾವುದನ್ನು ಒತ್ತಿದರೆ ಅದರ ಫೋಟೋಗಳು ಕೆಳಗೆ ಕಾಣಬೇಕು, ಉಳಿದವು ಮರೆಯಾಗಬೇಕು. ನೋಡಲು ಚೆನ್ನಾಗಿಯೇ ಇತ್ತು, ತೆರೆಯಲು ಮಾತ್ರ ಯುಗ ಹಿಡಿಯುತ್ತಿತ್ತು. ಮರೆಯಲ್ಲಿದ್ದ ಫೋಟೋಗಳೂ ಸೇರಿ ಎಲ್ಲವೂ ಮೊದಲೇ ಬಂದು ಕೂರಬೇಕಿತ್ತಲ್ಲ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಸರೋಜ ಕಾಫಿ ತಂದಿಟ್ಟು, ಚಕ್ರವನ್ನೂ ನನ್ನನ್ನೂ ಸರದಿಯಲ್ಲಿ ನೋಡಿದಳು.

ಅವಳ ತವರಿನವರು ಹಿಪ್ಪುನೇರಳೆ ಬೆಳೆದು ರೇಷ್ಮೆಹುಳ ಸಾಕುವವರು. ನಾನು ಕಷ್ಟ ವಿವರಿಸಿದೆ. ಅವಳು ಕೇಳಿ, "ಇದೇನ್ ದೊಡ್ ವಿದ್ಯೆ? ಹುಳಕ್ಕೆ ಸೊಪ್ಪನ್ನ ಒಂದೇ ಸಲ ತಂದು ಸುರೀತಾರಾ? ಸುರುದ್ರೆ ಒಣಗ್ತದೆ, ಹುಳಾನೂ ಅದರ ಕೆಳಗೆ ಸಿಕ್ಕಾಕ್ಕಂತವೆ. ಯಾವ ತಟ್ಟೇಲಿ ಸೊಪ್ಪು ಮುಗೀತೋ ಆ ತಟ್ಟೆಗೆ ಅಷ್ಟೇ ಹಾಕ್ಬೇಕು. ನಿಮ್ ಸಾವ್ಕಾರ್ರು ಯಾವ್ದು ಕೇಳ್ತಾರೋ ಅದನ್ನ ಕೇಳ್ದಾಗ ತಂದು ಕೊಡಿ," ಎಂದಳು. ನಾನು ವಿಡಿಯೋ ಪಾಠಗಳಲ್ಲಿ ಹುಡುಕಿದರೆ ಅಲ್ಲಿಯೂ ದೊಡ್ಡ ದೊಡ್ಡ ಮಾತುಗಳಲ್ಲಿ ಅದನ್ನೇ ಹೇಳುತ್ತಿದ್ದರು. ಟ್ಯಾಬು ಒತ್ತಿದಾಗ ಮಾತ್ರ ಆ ಟ್ಯಾಬಿನ ಸಾಮಾನನ್ನು ಸರ್ವರಿನಿಂದ ತರಿಸಬೇಕು. ಬುಧವಾರ ಮಧ್ಯಾಹ್ನದ ಹೊತ್ತಿಗೆ ಹಾಗೇ ಮಾಡಿ ಮುಗಿಸಿದೆ. ಪುಟ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ಮಾಳಿಗೆ ಹತ್ತಿ, ನೆಟ್‌ವರ್ಕು ಚೆನ್ನಾಗಿ ಸಿಗುವ ನೀರಿನ ಟ್ಯಾಂಕಿನ ಪಕ್ಕ ನಿಂತು, ಒಂದೊಂದೇ ಟ್ಯಾಬನ್ನು ಮೆಲ್ಲಗೆ ಒತ್ತಿ, ಬಂದ ಮೇಲೆ ಇನ್ನೊಂದು ಒತ್ತಿ ಪರೀಕ್ಷೆ ಮಾಡಿದೆ. ಎಲ್ಲವೂ ಸರಿಯಾಗಿತ್ತು. ಮೀಸೆ ತಿರುವಿಕೊಳ್ಳೋಣವೆಂದರೆ ಮೀಸೆ ಇಲ್ಲ, ಆದರೂ ಆ ಜಾಗ ಮುಟ್ಟಿಕೊಂಡು ಸಾಹುಕಾರರಿಗೆ ಪುಟದ ಲಿಂಕು ಕಳಿಸಿದೆ.

ಗುರುವಾರ ಬೆಳಿಗ್ಗೆ ಅವರ ಫೋನು ಬಂತು. "ಏನ್ರೀಪಾ ಮಲ್ಲೇಶಪ್ಪ, ನಿಮ್ಮೂರಾಗ ಮಕ್ಕಳು ಯಾ ಅಳತಿಗೆ ಬೆಳೀತಾವ್ರಿ?"

"ಯಾಕ್ರಿ ಸಾಹುಕಾರ್ರ?"

"ಮಕ್ಕಳದು ಅಂತ ಒತ್ತಿದ್ರ ನಲವತ್ತೆರಡು ಇಂಚಿನ ಸೊಂಟ ತೋರಸ್ತೈತಿ. ಆ ಪ್ಯಾಂಟಿನಾಗ ನಾಲ್ಕು ಕೂಸು ಹಿಡೀತಾವ. ನನಗ ಅದು ಮಕ್ಕಳ ಪ್ಯಾಂಟೋ, ನನ್ನ ಪ್ಯಾಂಟೋ ತಿಳೀವಲ್ದು. ಇಷ್ಟು ಗೊಂದಲ ಇದ್ರ ನಾಳೆ ಗಂಟಿನಾಗ ಏನು ಕಟ್ಟಿ ಕಳಸ್ತೀರೋ ಯಾರಿಗೆ ಗೊತ್ತು. ಶನಿವಾರತನಕ ನೋಡತೀನಿ, ಆಮ್ಯಾಲೆ ನನಗ ಏನೂ ಅನಬ್ಯಾಡ್ರಿ."

ಮಾಳಿಗೆಗೆ ಓಡಿ ಮತ್ತೆ ಒತ್ತಿ ನೋಡಿದೆ, ಮಕ್ಕಳ ಟ್ಯಾಬಿನಲ್ಲಿ ಮಕ್ಕಳ ಪ್ಯಾಂಟೇ ಇದ್ದವು. ಇಪ್ಪತ್ತು ಸಲ ಒತ್ತಿದೆ, ಇಪ್ಪತ್ತು ಸಲವೂ ಸರಿಯಾಗಿ ಬಂದವು. ಸಾಹುಕಾರರ ಕಣ್ಣೇ ಮಂಜಾಗಿರಬೇಕು ಎಂದು ತೀರ್ಮಾನಿಸಿದೆ. ನನ್ನ ತಪ್ಪು ಕಾಣದಿದ್ದಾಗ ಊರವರ ಕಣ್ಣಿನ ಮೇಲೆ ಅನುಮಾನ ಬರುವುದು ನನ್ನ ಹಳೆಯ ಚಾಳಿ. ಒಮ್ಮೆ ನಾನೇ ತಪ್ಪು ಬಸ್ಸು ಹತ್ತಿ ಕಲ್ಯಾಣದುರ್ಗದಲ್ಲಿ ಇಳಿದು, ಇದು ಅನಂತಪುರವಲ್ಲ ಎಂದವರ ಜೊತೆ ವಾದಕ್ಕೆ ನಿಂತಿದ್ದೆ. ಶುಕ್ರವಾರ ಮಧ್ಯಾಹ್ನದವರೆಗೂ ಬರೆದದ್ದನ್ನೇ ಮೊದಲಿಂದ ಕೊನೆಗೆ, ಕೊನೆಯಿಂದ ಮೊದಲಿಗೆ ಓದುತ್ತ ಕೂತೆ.

ಊಟದ ಬಿಡುವಿನಲ್ಲಿ ಹನುಮಕ್ಕ ಬಂದಳು. ಸೋಮವಾರದ ಬಗ್ಗೆ ಮತ್ತೆ ಕೇಳುತ್ತಾಳೇನೋ ಎಂದು ನಾನು ಮುಖ ಲ್ಯಾಪ್‌ಟಾಪಿನೊಳಗೆ ಹುದುಗಿಸಿದೆ. ಅವಳು ಕೇಳಲಿಲ್ಲ. "ಎರಡು ದಿವಸ ಆತು, ಮಾರಿ ಸಣ್ಣ ಮಾಡ್ಕೊಂಡು ಕುಂತೀರಿ. ಏನಾಗೈತಿ ತೋರಸ್ರಿ," ಎಂದು ತನ್ನ ಮೊಬೈಲಿನಲ್ಲೇ ಪುಟ ತೆರೆದಳು. ನಮ್ಮ ತಗಡಿನ ಶೆಡ್ಡಿನಲ್ಲಿ ನೆಟ್‌ವರ್ಕು ಒಂದು ಕಡ್ಡಿ ಮಾತ್ರ. ಅವಳು ಹೆಬ್ಬೆರಳಿನಲ್ಲಿ ಗಂಡಸರದು, ಹೆಂಗಸರದು, ಮಕ್ಕಳದು ಎಂದು ಟಪಟಪನೆ ಒತ್ತಿದಳು. ಮೊದಲು ಮಕ್ಕಳ ಪ್ಯಾಂಟು ಬಂದು ಕೂತವು. ಇಬ್ಬರೂ ನೋಡುತ್ತಿದ್ದಂತೆಯೇ ಅವನ್ನು ಆಚೆ ನೂಕಿ, ಅದೇ ಜಾಗದಲ್ಲಿ, ನಲವತ್ತೆರಡು ಇಂಚಿನ ಗಂಡಸರ ಪ್ಯಾಂಟು ಬಂದು ಕಾಲು ಚಾಚಿ ಕೂತಿತು.

"ಅಷ್ಟು ಜೋರಾಗಿ ಯಾಕೆ ಒತ್ತಿದೆ?" ಎಂದು ರೇಗಿದೆ.

"ಸಾಹುಕಾರ್ರು ಹಿಂಗ ನೋಡೋದಲ್ರಿ? ಇಲ್ಲಿಗೆ ಬಂದಾಗ ನಾ ನೋಡೀನಿ. ಗಂಟು ಬಿಚ್ಚಿ, ಇದು ತೆಗಿ ಅದು ತೆಗಿ ಅಂತ ಹತ್ತು ಪ್ಯಾಂಟು ಚೆಲ್ಲಾಪಿಲ್ಲಿ ಮಾಡಿ, ಕಡೀಗೆ ಒಂದು ಹಿಡಕೊಂಡು ಕುಂದರ್ತಾರ. ಕೈ ಒಂದ್ಕಡೆ ನಿಂದ್ರಂಗಿಲ್ಲ ಅವರದು."

ಅವಳು ಹೇಳಿದ್ದು ನೂರಕ್ಕೆ ನೂರು ನಿಜ. ಬಟ್ಟೆ ಕೊಳ್ಳುವವರ ಕೈ ಹಾಗೇ ಓಡುವುದು. ಗಂಡಸರ ಫೋಟೋಗಳು ಭಾರವಾಗಿದ್ದವು, ತಡವಾಗಿ ಬರುತ್ತಿದ್ದವು. ಅಷ್ಟರಲ್ಲಿ ಸಾಹುಕಾರರ ಬೆರಳು ಮಕ್ಕಳ ಟ್ಯಾಬಿಗೆ ಹೋಗಿರುತ್ತಿತ್ತು. ಹಗುರವಾದ ಮಕ್ಕಳ ಫೋಟೋಗಳು ಓಡಿ ಮೊದಲೇ ಬಂದುಬಿಡುತ್ತಿದ್ದವು. ಆಮೇಲೆ ಏದುಸಿರು ಬಿಡುತ್ತ ಬಂದ ಗಂಡಸರ ಪ್ಯಾಂಟು, ತನ್ನನ್ನು ಈಗ ಯಾರೂ ಕೇಳುತ್ತಿಲ್ಲ ಎಂಬುದನ್ನು ತಿಳಿಯದೆ, ಎದುರಿಗಿದ್ದ ಜಾಗದಲ್ಲಿ ಬಿದ್ದುಬಿಡುತ್ತಿತ್ತು. ನನಗೆ ಯಾಕೋ ಮಾವನವರ ನೆನಪಾಯಿತು.

ಹನುಮಕ್ಕ ಮೊಬೈಲನ್ನು ಒಂದು ಸಲ ತಿರುವಿ ನೋಡಿ ಕೇಳಿದಳು: "ಇದಕ್ಕ ಚೀಟಿ ಹಚ್ಚಿಲ್ಲೇನ್ರಿ?"

ಚೀಟಿಯ ಸಂಗತಿ ಹೇಳಲೇಬೇಕು. ಜೀನ್ಸ್ ಬಟ್ಟೆ ನೋಡಲು ಎಲ್ಲವೂ ನೀಲಿ. ಆದರೆ ಗಿರಣಿಯಿಂದ ಸುತ್ತಿ ಬರುವ ಒಂದು ಥಾನಿನ ನೀಲಿ ಇನ್ನೊಂದು ಥಾನಿನಂತೆ ಇರುವುದಿಲ್ಲ. ಒಂದರ ಎಡಗಾಲು, ಇನ್ನೊಂದರ ಬಲಗಾಲು ಸೇರಿಸಿ ಹೊಲಿದರೆ, ತೊಳೆದು ಬಂದಾಗ ಒಂದು ಕಾಲು ಅಮಾವಾಸ್ಯೆ, ಇನ್ನೊಂದು ಹುಣ್ಣಿಮೆ. ಅದಕ್ಕೇ ಕತ್ತರಿಸುವ ಮೇಜಿನ ಮೇಲೇ ಪ್ರತಿ ತುಂಡಿಗೂ ನಂಬರಿನ ಸಣ್ಣ ಚೀಟಿ ಅಂಟಿಸುತ್ತೇವೆ. ಹೊಲಿಯುವವರು ಬಣ್ಣ ನೋಡುವುದಿಲ್ಲ, ಚೀಟಿ ನೋಡುತ್ತಾರೆ. ಹದಿನಾಲ್ಕರ ಪ್ಯಾಂಟು ತೊಡೆಯ ಮೇಲಿದ್ದಾಗ ಹನ್ನೊಂದರ ಪಟ್ಟಿ ಬಂದರೆ ಹೊಲಿಯದೆ ಪಕ್ಕಕ್ಕಿಡುತ್ತಾರೆ. ಸ್ವಂತ ಶೆಡ್ಡು ಹಾಕುವ ಮೊದಲು ಹನ್ನೆರಡು ವರ್ಷ ನಾನು ಇನ್ನೊಬ್ಬರಲ್ಲಿ ಮಾಡಿದ ಕೆಲಸ ಏನು ಗೊತ್ತೇ? ಆ ಚೀಟಿ ಅಂಟಿಸುವುದು. ಊರಿಗೆಲ್ಲ ಚೀಟಿ ಅಂಟಿಸಿದವನು ನನ್ನ ಸ್ವಂತ ಪುಟವನ್ನು ಚೀಟಿಯಿಲ್ಲದೆ ಹುಬ್ಬಳ್ಳಿಗೆ ಕಳಿಸಿದ್ದೆ.

ಸಂಜೆಯೊಳಗೆ ನಾಲ್ಕು ಸಾಲು ಬರೆದೆ. ಟ್ಯಾಬು ಒತ್ತಿದಾಗಲೆಲ್ಲ ಆ ಒತ್ತಿಗೆ ಒಂದು ನಂಬರು. ಸಾಮಾನು ಬಂದಾಗ ಅದರ ಮೇಲಿನ ನಂಬರು, ಕೊನೆಯ ಒತ್ತಿನ ನಂಬರು ಎರಡೂ ಒಂದೇ ಆದರೆ ತೋರಿಸಬೇಕು. ಇಲ್ಲವಾದರೆ ಸದ್ದಿಲ್ಲದೆ ಪಕ್ಕಕ್ಕಿಟ್ಟುಕೊಂಡು, ಮತ್ತೆ ಆ ಟ್ಯಾಬು ಕೇಳಿದಾಗ ಕೊಡಬೇಕು. ಹನುಮಕ್ಕ ಅದೇ ಒಂದು ಕಡ್ಡಿ ನೆಟ್‌ವರ್ಕಿನಲ್ಲಿ, ಸಾಹುಕಾರರನ್ನೂ ಮೀರಿಸುವಂತೆ ಒತ್ತಿದಳು. ಮಕ್ಕಳು ಮಕ್ಕಳಾಗಿಯೇ ಉಳಿದರು. ಅವಳು ನಕ್ಕಳು, ನನಗೂ ನಗು ಬಂತು. ಆಮೇಲೆ ಸೋಮವಾರ ಇಬ್ಬರಿಗೂ ನೆನಪಾಗಿ ನಗು ನಿಂತಿತು. ಅವಳ ಕೋಣೆಯಲ್ಲಿ ಬಟ್ಟೆಯ ಚೀಲ ತುಂಬಿ ಇಟ್ಟದ್ದಾಗಿದೆ ಎಂದು ಸರೋಜ ಹೇಳಿದ್ದಳು.

ಶನಿವಾರ ಹನ್ನೊಂದು ಗಂಟೆಗೆ ಸಾಹುಕಾರರ ಫೋನು. ಮಷೀನುಗಳ ಸದ್ದಿನಲ್ಲಿ ಕೇಳಿಸದೆಂದು ಸ್ಪೀಕರ್ ಹಾಕಿದೆ. ಹಾಕಿದ್ದೇ ತಡ, ಎಲ್ಲರೂ ಮಷೀನು ನಿಲ್ಲಿಸಿದರು.

"ಈಗ ಛಲೋ ಆಗೈತ್ರಿ. ನನ್ನ ಕೈಯಾಗ ಎಷ್ಟು ಒತ್ತಾಕ ಆಗತೈತೋ ಅಷ್ಟು ಒತ್ತಿ ನೋಡೀನಿ. ಹಬ್ಬದ ಆರ್ಡರು ನಿಮಗ ಕೊಟ್ಟೆ. ಮೊದಲನೇ ಗಂಟು ಯಾವಾಗ ಕಳಸ್ತೀರಿ, ಅದೊಂದು ಹೇಳಿಬಿಡ್ರಿ."

ನನ್ನ ಎದೆ ತುಂಬಿ ಬಂತು. ತಾರೀಖು ಹೇಳಬೇಕು ಎಂದು ಬಾಯಿ ತೆರೆದೆ. ಬಾಯಿಂದ ಹೊರಬಂದದ್ದು ಇದು: "ಹೋಗಬ್ಯಾಡವ್ವಾ. ಇಲ್ಲೇ ಇರು."

ಸಾಹುಕಾರರು ಗಾಬರಿಯಿಂದ, "ನಾ ಎಲ್ಲಿಗೂ ಹೊಂಟಿಲ್ಲಲ್ರೀಪಾ. ಅಂಗಡ್ಯಾಗೇ ಕುಂತೀನಿ," ಎಂದರು.

ಬೆಲ್ಟ್ ಮಷೀನಿನ ಕಡೆಯಿಂದ, ತಲೆ ಎತ್ತದೆ, ಸೆರಗಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತ ಹನುಮಕ್ಕ ಹೇಳಿದಳು: "ಅದು ನನ್ನ ನಂಬರಿನ ಚೀಟೀರಿ ಸಾಹುಕಾರ್ರ. ತಪ್ಪಿ ನಿಮ್ಮ ಕಡಿಗೆ ಬಂದೈತಿ. ಬಂತಲ್ಲ, ಸಾಕು. ನಾ ಇಟ್ಕೊಂತೀನಿ."

ಸೋಮವಾರ ನಾನು ಶೆಡ್ಡಿನ ಬೀಗ ತೆಗೆಯುವ ಹೊತ್ತಿಗೆ ಅವಳು ಬಾಗಿಲಲ್ಲಿದ್ದಳು, ಮಗಳನ್ನು ಸ್ಕೂಲಿಗೆ ಕಳಿಸಿ ಬಂದಿದ್ದಳು. ಸಾಹುಕಾರರಿಗೆ ತಾರೀಖು ಹೇಳಿದ್ದು ಅವಳೇ ಎಂದು ಆಮೇಲೆ ತಿಳಿಯಿತು. ಶನಿವಾರ ನಾನು ಮೂಗೊರೆಸಿಕೊಳ್ಳಲು ಹೊರಗೆ ಹೋದಾಗ ಫೋನೆತ್ತಿಕೊಂಡು ಮಾತು ಮುಗಿಸಿದ್ದಳಂತೆ. ನನಗೆ ಆ ತಾರೀಖು ಹೊಳೆದದ್ದು ಮಂಗಳವಾರ ಬೆಳಿಗ್ಗೆ, ಸರೋಜ ಉಪ್ಪಿಟ್ಟೋ ಚಿತ್ರಾನ್ನವೋ ಎಂದು ಕೇಳಿದಾಗ. "ಹದಿನೆಂಟು," ಎಂದೆ. ಅವಳು ಒಳಗೆ ಹೋದಳು. ಬರುವಾಗ ಅವಳ ಬೆರಳ ತುದಿಯಲ್ಲಿ ಶೆಡ್ಡಿನ ನಂಬರಿನ ಚೀಟಿಯೊಂದಿತ್ತು. ಅದನ್ನು ನನ್ನ ಅಂಗಿಯ ಜೇಬಿನ ಮೇಲೆ ಒತ್ತಿ ಅಂಟಿಸಿ, ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಲು ಕೂತಳು.