ಹಸಿರು, ಹಳದಿ ಮತ್ತು ಬಚ್ಚಲಿನ ಚಿಲಕ

"ಅಂಗಡಿಯವನ ಮಾತು ನಂಬಬೇಡಿ, ಅವನ ಮನೆ ನೋಡಿ. ನಾನು ಮಾರೋದನ್ನೇ ಮನೆಯಲ್ಲೂ ಬಳಸೋನು."

ಹಾರ್ಡ್‌ವೇರ್ ಅಂಗಡಿಯ ಖಾತ್ರಿಯಣ್ಣ ಗಿರಾಕಿಗಳಿಗೆ ಹೇಳುತ್ತಿದ್ದ ಮಂತ್ರ ಇದು. ಮಾತುಮಾತಿಗೂ "ನನ್ನ ಖಾತ್ರಿ" ಎನ್ನುತ್ತಿದ್ದುದರಿಂದ ಅವನಿಗೆ ಆ ಹೆಸರು ಅಂಟಿತ್ತು. ಮಂತ್ರ ಬಲು ಪವರ್‌ಫುಲ್. ಅದರ ಪವರ್‌ಗೆ ಕಾರಣವೂ ಸರಳ: ಕೇಳಿದವರಲ್ಲಿ ಒಬ್ಬರೂ ಅವನ ಮನೆ ನೋಡಲು ಹೋಗಿರಲಿಲ್ಲ.

ಅಂಗಡಿಯಲ್ಲಿ ಬ್ಯಾಟರಿ ಡ್ರಿಲ್‌ಗಳು ಎರಡು ಕಂಪನಿಯವು. ಒಂದರದು ಹಸಿರು ಮೈ, ಇನ್ನೊಂದರದು ಹಳದಿ. ಯಾವುದು ಒಳ್ಳೇದು ಎಂದು ಯಾರಾದರೂ ಕೇಳಿದರೆ ಖಾತ್ರಿಯಣ್ಣ ಡ್ರಿಲ್ ನೋಡುತ್ತಿರಲಿಲ್ಲ, ಗಿರಾಕಿಯ ಕಣ್ಣು ನೋಡುತ್ತಿದ್ದ. ಕಣ್ಣು ಹಸಿರಿನತ್ತ ಹೊರಳಿದರೆ, "ಹಸಿರು ಅಂದ್ರೆ ಆನೆ." ಹಳದಿಯತ್ತ ಹೊರಳಿದರೆ, "ಹಳದಿ ಅಂದ್ರೆ ಕುದುರೆ." ನಾಲಿಗೆಗೆ ಎಲುಬಿಲ್ಲ, ವ್ಯಾಪಾರಿಯ ನಾಲಿಗೆಗಂತೂ ಕೀಲೆಣ್ಣೆ ಬೇರೆ ಹಾಕಿರುತ್ತದೆ. ಒಂದು ವಿಷಯದಲ್ಲಿ ಮಾತ್ರ ಅವನು ಎಲ್ಲರಿಗೂ ಸತ್ಯವನ್ನೇ ಹೇಳುತ್ತಿದ್ದ: "ಇದರ ಬ್ಯಾಟರಿ ಅದಕ್ಕೆ ಕೂರಲ್ಲ, ಅದರದ್ದು ಇದಕ್ಕೆ ಕೂರಲ್ಲ. ಒಂದು ಬಣ್ಣ ಕಟ್ಟಿಕೊಂಡ್ರೆ ಕೊನೇತನಕ ಅದೇ. ಮದುವೆ ಇದ್ದ ಹಾಗೆ."

ಒಂದು ಶನಿವಾರ ಮೇಸ್ತ್ರಿ ಬಂದರು. ಸಣ್ಣಪುಟ್ಟ ಮೇಸ್ತ್ರಿಯಲ್ಲ, ಸಾಲುಸಾಲು ಮನೆ ಕಟ್ಟಿಸುವವರು. ತಮ್ಮ ಕೈಕೆಳಗಿನ ಬಡಗಿಗಳಿಗೆಲ್ಲ ಒಂದೊಂದು ಡ್ರಿಲ್ ಕೊಡಿಸಬೇಕಿತ್ತು.

"ಬೆಳಗಿಂದ ಸಂಜೆವರೆಗೂ ದುಡೀಬೇಕು. ಧೂಳು ಕುಡೀಬೇಕು. ಏಣಿ ಮೇಲಿಂದ ಬಿದ್ರೆ ಮೈ ಕೊಡವಿಕೊಂಡು ಏಳಬೇಕು. ಯಾವುದು ಹೇಳಿ."

ಖಾತ್ರಿಯಣ್ಣ ಅವರ ಕಣ್ಣು ಹುಡುಕಿದ. ಆ ಪುಣ್ಯಾತ್ಮ ಫ್ಯಾನ್ ನೋಡುತ್ತಿದ್ದರು. ಎಲ್ಲಾದರೂ ಹೊರಳೀತೆಂದು ಕಾದ. ಹೊರಳಲಿಲ್ಲ. ಹುಟ್ಟಿದಾರಭ್ಯ ಮೊದಲ ಸಲ ಅವನಿಗೆ ಸ್ವಂತ ಅಭಿಪ್ರಾಯ ಕೊಡುವ ಸಂದರ್ಭ ಒದಗಿತು. ಗೋದಾಮಿನ ತುಂಬ ಹಸಿರು ಡಬ್ಬಿಗಳು ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದವು. ಈ ಒಂದು ಆರ್ಡರ್ ಸಿಕ್ಕರೆ ಅಷ್ಟೂ ಖಾಲಿ, ಎದುರಂಗಡಿಯವನಿಗೆ ಒಂದು ವಾರ ನಿದ್ದೆ ಇಲ್ಲ.

"ಹಸಿರು," ಎಂದ. "ಮಗಳು ನಡೆಯೋಕೆ ಕಲಿತಾಗಿಂದ ನಮ್ಮ ಮನೆಯಲ್ಲಿ ಅದೇ. ಅಂಗಡಿಯವನ ಮಾತು ನಂಬಬೇಡಿ, ಅವನ..."

"ಮನೆ ನೋಡಬೇಕು. ಸರಿ, ನಾಳೆ ಬೆಳಿಗ್ಗೆ ಬರ್ತೀನಿ," ಎಂದು ಮೇಸ್ತ್ರಿ ಹೊರಟೇಬಿಟ್ಟರು.

ದೀಪದ ಬುಡದಲ್ಲೇ ಕತ್ತಲು ಎನ್ನುತ್ತಾರಲ್ಲ, ಖಾತ್ರಿಯಣ್ಣನ ಮನೆಯಲ್ಲಿ ಡ್ರಿಲ್ ಹಾಗಿರಲಿ, ನೆಟ್ಟಗೆ ನಿಂತ ಒಂದು ಮೊಳೆಯೂ ಇರಲಿಲ್ಲ. ಬಚ್ಚಲಿನ ಚಿಲಕ ಅಲುಗಾಡುತ್ತಿದೆ ಎಂದು ಹೆಂಡತಿ ಹೇಳಿ ಹೇಳಿ, ಈಗ ಹೇಳುವುದನ್ನೂ ಬಿಟ್ಟಿದ್ದಳು. ಹೊಸ ಡ್ರಿಲ್ ಒಯ್ದರೆ ಹೊಳಪೇ ಸಾಕ್ಷಿ ಹೇಳುತ್ತದೆ. ಆದ್ದರಿಂದ ಗಿರಾಕಿಗಳು ಒತ್ತಿ ನೋಡಲೆಂದು ಇಟ್ಟಿದ್ದ ಹಸಿರು ಡ್ರಿಲ್ಲನ್ನೇ ಚೀಲಕ್ಕೆ ಹಾಕಿಕೊಂಡ. ಜೊತೆಗೆ ಒಂದು ಹಳದಿ. ಹಸಿರು ಗೆಲ್ಲಬೇಕಾದರೆ ಸೋಲಲು ಒಂದು ಬೇಕಲ್ಲ? ಸೋಲು ಖಚಿತವಾಗಲೆಂದು ಅದನ್ನು ಸುಮ್ಮನೆ ತಿರುಗಿಸಿ ತಿರುಗಿಸಿ ಬ್ಯಾಟರಿಯ ಪ್ರಾಣ ಹಿಂಡಿದ. ಮನೆಯಲ್ಲಿ ಯಾರಾದರೂ ಅದಕ್ಕೆ ಜೀವ ತುಂಬಿಬಿಟ್ಟಾರೆಂದು ಚಾರ್ಜರುಗಳನ್ನು ಅಂಗಡಿಯಲ್ಲೇ ಬಿಟ್ಟ. ಇಂಥ ದೂರಾಲೋಚನೆ ಎಲ್ಲರಿಗೂ ಬರುವುದಿಲ್ಲ.

ಭಾನುವಾರ ಬೆಳಿಗ್ಗೆ ಹೆಂಡತಿ ಹೊರಗೆ ಬಂದು ನೋಡಿದರೆ ಗಂಡ ಕಲ್ಲಿನ ಮೆಟ್ಟಿಲಿಗೆ ಡ್ರಿಲ್ ಉಜ್ಜುತ್ತಿದ್ದಾನೆ.

"ರೀ, ಏನು ಮಾಡ್ತಿದ್ದೀರಿ?"

"ಹಳೇದು ಮಾಡ್ತಿದ್ದೀನಿ."

"ಬಚ್ಚಲ ಚಿಲಕ ಯಾರೂ ಉಜ್ಜದೇನೇ ಹಳೇದಾಗಿದೆ. ಅದನ್ನ ಹೊಸದು ಮಾಡಿ."

ಚಿಲಕ! ಪ್ರದರ್ಶನಕ್ಕೆ ಅದಕ್ಕಿಂತ ಒಳ್ಳೆಯ ವೇದಿಕೆ ಯಾವುದು? ಹೊತ್ತಿಗೆ ಸರಿಯಾಗಿ ಮೇಸ್ತ್ರಿಯೂ ಬಂದರು. ಖಾತ್ರಿಯಣ್ಣ ಅವರನ್ನು ನೇರವಾಗಿ ಬಚ್ಚಲಿನ ಬಾಗಿಲಿಗೇ ಕರೆದೊಯ್ದ. ಬಾಗಿಲು ಮುಚ್ಚಿತ್ತು. ಒಳಗೆ ನೀರಿನ ಸದ್ದು.

"ಅಮ್ಮ ಸ್ನಾನಕ್ಕೆ ಹೋಗಿದ್ದಾರೆ," ಎಂದಳು ಹೆಂಡತಿ. "ಊರಿನ ಬಸ್ಸಿಗೆ ಹೊತ್ತಾಯ್ತು ಅಂತ ಆಗಲೇ ಗಡಿಬಿಡಿ ಮಾಡ್ತಿದ್ರು. ಅವರು ಬರಲಿ ತಡೀರಿ."

"ಬಾಗಿಲು ಮುಚ್ಚಿದ್ದಾಗಲೇ ಚಿಲಕದ ಅಳತೆ ಸಿಗೋದು. ಕೆಲಸ ಹೊರಗಿನ ಚಿಲಕದ್ದು, ಅತ್ತೆ ಇರೋದು ಒಳಗೆ. ಅದಕ್ಕೂ ಅವರಿಗೂ ಸಂಬಂಧವೇನು?"

ಮೊದಲು ಹಳದಿ ಎತ್ತಿದ. ಅದು ಒಮ್ಮೆ ಮುಲುಗಿ ಸುಮ್ಮನಾಯಿತು.

"ನೋಡಿದ್ರಾ ಮೇಸ್ತ್ರಿ? ಇದರ ಹಣೆಬರಹ ಇಷ್ಟೇ. ಈಗ ನಮ್ಮ ಆನೆ ನೋಡಿ."

ಚಿಲಕಕ್ಕೆ ಬೇಕಾದ್ದು ಅರ್ಧ ಇಂಚಿನ ಸ್ಕ್ರೂ. ಅರ್ಧ ಇಂಚು ತಿರುಗಿಸಿದರೆ ಆನೆಯ ಮರ್ಯಾದೆ ಏನಾಗಬೇಕು? ಖಾತ್ರಿಯಣ್ಣ ಮೂರಿಂಚಿನದನ್ನು ತೆಗೆದು, ವೇಗದ ಗುಂಡಿಯನ್ನು ಕೊನೆಯವರೆಗೂ ತಿರುವಿ, ಭುಜ ಕೊಟ್ಟು ಒತ್ತಿದ. ಸ್ಕ್ರೂ ಬಾಗಿಲಿನ ಅಂಚಿನಲ್ಲಿ ಓರೆಯಾಗಿ ಹೊಕ್ಕು, ತಲೆ ಮುಳುಗುವ ತನಕ ಒಳಗೆ ಹೋಯಿತು.

"ಹೇಗೆ?" ಎಂದ, ಹಣೆ ಒರೆಸಿಕೊಳ್ಳುತ್ತಾ.

ಮೇಸ್ತ್ರಿ ಬಾಗಿ ನೋಡಿದರು. "ಬಲ ಇದೆ," ಎಂದರು. "ಆದ್ರೆ ಸ್ಕ್ರೂ ಬಾಗಿಲು ದಾಟಿ ಚೌಕಟ್ಟಿಗೆ ಹೋಗಿರೋ ಹಾಗಿದೆ."

ಅದಕ್ಕೆ ಖಾತ್ರಿ ಬಚ್ಚಲಿನ ಒಳಗಿನಿಂದ ಬಂತು. "ಅಳಿಯಂದಿರೇ, ಬಾಗಿಲು ಬರ್ತಾ ಇಲ್ಲ."

"ಸ್ವಲ್ಪ ಎಳೀರಿ ಅತ್ತೆ."

"ಎಳೆದದ್ದಕ್ಕೇ ಹಿಡಿ ನನ್ನ ಕೈಯಲ್ಲಿದೆ."

ಗಾಬರಿಯಾಗುವಂಥದ್ದೇನಿಲ್ಲ, ಉಲ್ಟಾ ತಿರುಗಿಸಿದರಾಯಿತು. ಖಾತ್ರಿಯಣ್ಣ ಹಸಿರನ್ನು ಉಲ್ಟಾ ಮಾಡಿ ಒತ್ತಿದ. ವಾರವಿಡೀ ಕಂಡಕಂಡವರಿಂದ ಒತ್ತಿಸಿಕೊಂಡಿದ್ದ ಆನೆ ಅರ್ಧ ಸುತ್ತು ತಿರುಗಿ, ನಿಟ್ಟುಸಿರು ಬಿಟ್ಟು ಮಲಗಿತು.

"ಹಳದಿಯ ಬ್ಯಾಟರಿ ಹಾಕಿ ನೋಡಿ," ಎಂದಳು ಹೆಂಡತಿ.

"ಕೂರಲ್ಲ ಕಣೇ."

"ಹಳದಿಯಲ್ಲೇ ಮಾಡಿ ಹಾಗಾದ್ರೆ. ಅದರ ಬ್ಯಾಟರಿ ಅದಕ್ಕೆ ಕೂರುತ್ತಲ್ಲ?"

"ಖಾಲಿ."

"ಹೇಗೆ ಖಾಲಿಯಾಯ್ತು?"

ತಾನು ತೋಡಿದ ಗುಂಡಿಗೆ ತಾನೇ ಬೀಳುವವರನ್ನು ಕಂಡಿದ್ದೇವೆ. ಗುಂಡಿಗೆ ಇಳಿಯುವ ಮೊದಲು ಏಣಿಯನ್ನೂ ಕಡಿದು ಸೌದೆ ಮಾಡಿಟ್ಟವನು ಇವನೊಬ್ಬನೇ. "ಅಂಗಡಿಗೆ ಓಡಿಹೋಗಿ ಚಾರ್ಜರ್ ತರ್ತೀನಿ," ಎಂದ.

"ಚಾರ್ಜ್ ಆಗೋಕೆ ಎಷ್ಟು ಹೊತ್ತು ಬೇಕು?" ಎಂದು ಬಾಗಿಲ ಒಳಗಿನಿಂದ ಪ್ರಶ್ನೆ ಬಂತು. "ನಾನು ಸೋಪು ತೊಳಕೊಂಡಾಯ್ತು. ಬಸ್ಸಿನವನು ನನ್ನ ಅಳಿಯ ಅಲ್ಲ, ಕಾಯೋದಕ್ಕೆ."

ಹೆಂಡತಿ ಅಡುಗೆಮನೆಗೆ ಹೋದಳು. ಚಮಚಗಳ ಡ್ರಾಯರ್ ಎಳೆದ ಸದ್ದಾಯಿತು. ಕೆಂಪು ಹಿಡಿಯ ಕೈ ಸ್ಕ್ರೂಡ್ರೈವರ್ ಹಿಡಿದು ವಾಪಸ್ ಬಂದಳು. ಸ್ಕ್ರೂವಿನ ತಲೆಗೆ ಕೂರಿಸಿ, ಎರಡೂ ಕೈಯಿಂದ ತಿರುವತೊಡಗಿದಳು. ಅವಳ ಕೈ ಸೋತಾಗ ಮೇಸ್ತ್ರಿ ಹಿಡಿದರು. ಮೂರಿಂಚಿನ ಸ್ಕ್ರೂ ಕಿರುಗುಟ್ಟುತ್ತಾ ಹೊರಬಂತು, ಹಿಂದೆಯೇ ಅತ್ತೆಯೂ. ತಲೆಗೆ ಟವೆಲ್, ಕೈಯಲ್ಲಿ ಬಾಗಿಲಿನ ಹಿಡಿ. ಹಿಡಿಯನ್ನು ಅಳಿಯನ ಕೈಗಿತ್ತು, "ನಿಮ್ಮ ಅಂಗಡಿಯದ್ದಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದರು.

ಮೇಸ್ತ್ರಿ ಕೆಂಪು ಸ್ಕ್ರೂಡ್ರೈವರನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಅವರ ಕಣ್ಣು ಈಗ ಒಂದು ವಸ್ತುವಿನ ಮೇಲೆ ನಿಂತಿತ್ತು. ವ್ಯಾಪಾರಿಯ ಬುದ್ಧಿ ನೋಡಿ, ಇಷ್ಟಾದ ಮೇಲೂ ಖಾತ್ರಿಯಣ್ಣನ ನಾಲಿಗೆ ಆ ಕಡೆ ಓಡಿತು.

"ಅದು ಅಂದ್ರೆ ಒಂಟೆ ಮೇಸ್ತ್ರಿ. ಹೊಟ್ಟೆಗೇನೂ ಹಾಕಬೇಕಾಗಿಲ್ಲ."

"ನಿಮ್ಮಲ್ಲಿ ಸಿಗುತ್ತಾ?"

ಅವನು ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳಿದಳು. "ಇವರಲ್ಲಿ ಕೇಳಿದ್ರೆ ಗಿರಾಕಿಗಳದ್ದು ಮುಗೀಲಿ ಅಂತಾರೆ. ನಾನು ಎದುರಂಗಡಿಯಲ್ಲಿ ತಗೊಂಡೆ. ಮೊಳೆ, ಬಲ್ಬು, ನಲ್ಲಿ ಎಲ್ಲಾ ಅಲ್ಲೇ."

ಮೇಸ್ತ್ರಿ ನಗಲಿಲ್ಲ. ಒಳ್ಳೆಯ ಪಾಠ ಕೇಳಿದ ವಿದ್ಯಾರ್ಥಿಯಂತೆ ತಲೆದೂಗಿದರು. "ನಿಮ್ಮ ಮಾತು ನಿಜ ಸಾಹುಕಾರ್ರೆ. ಮನೆ ನೋಡಬೇಕು," ಎಂದು ಚಪ್ಪಲಿ ಮೆಟ್ಟಿದರು. ಬಸ್ಸು ತಪ್ಪಿಸಿಕೊಂಡ ಅತ್ತೆ ಚೀಲ ಬಿಚ್ಚಿ, ಬಟ್ಟೆಗಳನ್ನು ಮತ್ತೆ ಬೀರುವಿನಲ್ಲಿ ಜೋಡಿಸಿದರು.

ಸೋಮವಾರ ಎದುರಂಗಡಿಯ ಮುಂದೆ ಮೇಸ್ತ್ರಿಯ ಗಾಡಿ ನಿಂತು, ಹಳದಿ ಡಬ್ಬಿಗಳನ್ನು ಹೇರಿಕೊಂಡು ಹೋಯಿತು. ಖಾತ್ರಿಯಣ್ಣ ಅದನ್ನು ಹೇಗೋ ನುಂಗಿಕೊಂಡ. ಮಂಗಳವಾರ ಎದುರಂಗಡಿಯವನು ಏಣಿ ಹತ್ತಿ ಹೊಸ ಬೋರ್ಡು ಹಾಕಿದ. ದಪ್ಪ ಅಕ್ಷರ, ಬೀದಿಯ ಈಚೆಗೂ ಓದಲು ಬರುವಂಥದ್ದು:

"ಅಂಗಡಿಯವನ ಮಾತು ನಂಬಬೇಡಿ, ಅವನ ಮನೆ ನೋಡಿ. ಎದುರಂಗಡಿಯವರ ಮನೆಯಲ್ಲೂ ನಮ್ಮದೇ ಸಾಮಾನು."

ಖಾತ್ರಿಯಣ್ಣ ಬೋರ್ಡಿನ ನಾಲ್ಕು ಮೂಲೆಗಳನ್ನೂ ಕಣ್ಣು ಕಿರಿದು ಮಾಡಿ ಪರೀಕ್ಷಿಸಿದ. ಒಂದು ತಪ್ಪಾದರೂ ಸಿಕ್ಕೀತೆಂಬ ಆಸೆ. ಸ್ಕ್ರೂಗಳೆಲ್ಲ ನೆಟ್ಟಗೆ ಕೂತಿದ್ದವು, ಅರ್ಧ ಇಂಚಿನವೇ ಇರಬೇಕು.