ಹುಮನಾಬಾದಿಗೆ ರೈಲು ಬಂದ ಹೊಸದರಲ್ಲಿ

ಸ್ಟೇಶನ್ ಎದುರು ಚಹಾದಂಗಡಿ ಇಟ್ಟವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ, ಅದೇ ಚೀಲ ಹೊತ್ತುಕೊಂಡು ಬರುತ್ತದೆ. ಹುಮನಾಬಾದಿಗೆ ರೈಲು ಬಂದ ಹೊಸದರಲ್ಲಂತೂ ದಿನಕ್ಕೊಂದು ತಮಾಷೆ. ಬೇರೆಯವರದು ಯಾಕೆ, ನಮ್ಮ ಅಣ್ಣನದೇ ಹೇಳುತ್ತೇನೆ. ಅವನಿರುವುದು ಬಸವಕಲ್ಯಾಣದಲ್ಲಿ. ಅಲ್ಲಿಗೆ ರೈಲಿಲ್ಲ, ರೈಲಿನ ಹುಚ್ಚು ಮಾತ್ರ ಪೂರಾ ಅವನಿಗೇ.

ನಿಂಬೆಹಣ್ಣು

ಮೊದಲ ಗಾಡಿ ಬರುವ ದಿನ ಅಣ್ಣ ತೆಂಗಿನಕಾಯಿ, ಕುಂಕುಮ, ನಾಲ್ಕು ನಿಂಬೆಹಣ್ಣು ಹಿಡಿದು ಬಂದ. ಹೊಸ ಟ್ರ್ಯಾಕ್ಟರ್ ತಂದಾಗ ಗಾಲಿಗೊಂದು ಇಟ್ಟು ಹಾಯಿಸುತ್ತೇವಲ್ಲ, ಹಾಗೆ. ಗಾಡಿ ಬಂತು. ಎಂಜಿನ್ ದಾಟಿತು, ಡಬ್ಬಿ ದಾಟಿತು, ಹಿಂದೆ ಮತ್ತೊಂದು ಡಬ್ಬಿ. ಗಾಲಿ ನೋಡಿ ನೋಡಿ ಅಣ್ಣ ಬೆವೆತುಬಿಟ್ಟ.

"ತಮ್ಮಾ, ಇಷ್ಟು ಗಾಲಿ ಅವ ಅಂತ ಮೊದಲ ಹೇಳಬಾರದೇನೋ? ಒಂದು ಚೀಲ ತರ್ತಿದ್ದೆ!"

ಹಣ್ಣು ಹಾಳಾಗಲಿಲ್ಲ. ಶರಬತ್ತು ಮಾಡಿ ಮಾರಿದೆ. ಮೊದಲ ಗಿರಾಕಿ ಅಣ್ಣನೇ.

ಟವೆಲ್

ಮಗಳಿಗೆ ವರ ನೋಡಲು ಕಲಬುರಗಿಗೆ ಹೊರಟಾಗ ಬಸ್ಸಿನ ರೂಢಿಯಂತೆ ಕಿಟಕಿಯೊಳಗೆ ಟವೆಲ್ ತೂರಿ ಸೀಟು ಹಿಡಿದ. ಬಾಗಿಲ ತುಂಬ ಮಂಠಾಳದವರ ಗಂಟುಮೂಟೆ. ಇನ್ನೊಂದು ಬಾಗಿಲು ಹುಡುಕುವಷ್ಟರಲ್ಲಿ ಗಾಡಿ ಬಿಟ್ಟಿತು. ಅಣ್ಣ ಓಡುತ್ತ ಗಾರ್ಡಿಗೆ ಕೂಗಿದ, "ನಿಲ್ಲಸ್ರಿ! ಟವೆಲ್ ಹಾಕೀನ್ರಿ!"

ಗಾರ್ಡು ಹಸಿರು ಬಾವುಟ ಬೀಸಿದ. ಟವೆಲ್ ಕೂತು ಹೋಯಿತು, ಅಣ್ಣ ಮರುದಿನ ನಿಂತು ಹೋದ. ಆದರೂ ಸಂಬಂಧ ಗಟ್ಟಿಯಾಯಿತು. ರೈಲಿರುವ ಊರು ಅನ್ನುವುದೇ ಅವನಿಗೆ ದೊಡ್ಡ ಗುಣ.

ಉಡಿ

ಮದುವೆಯಾಗಿ ಮಗಳನ್ನು ಕಳಿಸುವ ದಿನ ನಾನು ಬಸ್ಸೇ ಒಳ್ಳೆಯದೆಂದೆ. ಅಣ್ಣ ಸಿಡಿದ. "ಬಸ್ಸಿಗೆ ಕಳಸಾಕ ಅಲ್ಲಿ ಕೊಟ್ಟೀನೇನು? ದೀಪ ಹಚ್ಚೂದ್ರಾಗ ಮಗಳು ಅತ್ತಿಮನಿ ಹೊಕ್ಕಬೇಕು. ರೈಲಿಗೇ ಹೋಗಬೇಕು."

ಹುಡುಗಿಯ ತಾಯಿ, ಅಂದರೆ ನಮ್ಮ ವೈನಿ, ಮತ್ತು ನಾಲ್ವರು ಮುತ್ತೈದೆಯರು ಡಬ್ಬಿ ಹತ್ತಿ, ಅಳಿಯನ ಪಕ್ಕದಲ್ಲಿ ಕೂತ ಹುಡುಗಿಗೆ ಸಾವಕಾಶವಾಗಿ ಉಡಿ ತುಂಬಿದರು. ಆಗ ಅವಳಿಗೆ ಅಪ್ಪನ ಕಾಲಿಗೆ ಬೀಳಲಿಲ್ಲವೆಂದು ನೆನಪಾಯಿತು. ಉಡಿ ಹಿಡಿದುಕೊಂಡೇ ಇಳಿದಳು. ಎಂದೂ ಅಳದ ಅಣ್ಣ ಅವಳ ತಲೆಯ ಮೇಲೆ ಕೈಯಿಟ್ಟು ಗಳಗಳ ಅತ್ತ. ನನ್ನ ಕಣ್ಣೂ ತುಂಬಿತು. ಕಣ್ಣೊರೆಸಿಕೊಂಡು ನೋಡಿದರೆ ಗಾಡಿ ಹೊರಟಿದೆ! ಒಳಗೆ ಅಳಿಯ, ಐವರು ಹೆಂಗಸರು. ಹೊರಗೆ ಮದುಮಗಳು.

ಅಂಗಡಿ ಮುಚ್ಚಿ ನಾನೂ ಬಸ್‌ ಸ್ಟ್ಯಾಂಡಿಗೆ ಓಡಿದೆ. ಅಣ್ಣ ಟವೆಲ್ ತೂರಿದ, ಈ ಸಲ ಸೀಟು ದಕ್ಕಿತು. ಅರ್ಧ ದಾರಿಯಲ್ಲಿ ಬೀಗತಿಯ ಫೋನು.

"ಬೀಗ್ರೆ, ನಾವು ಒಬ್ಬಾಕಿನ್ನ ಕೇಳಿದ್ವಿ. ನೀವು ಐದು ಮಂದಿ ಕಳಿಸೀರಿ, ಅದರಾಗ ಆಕಿನೇ ಇಲ್ಲಲ್ರಿ! ಸೊಸಿ ಬರೂತನ ದೀಪ ಹಚ್ಚಂಗಿಲ್ಲ. ಎಲ್ಲಾರೂ ಕತ್ತಲದಾಗ ಕುಂತೀವಿ, ಲಗೂ ಬರ್ರಿ."

ನಾವು ಮುಟ್ಟಿದಾಗ ಓಣಿಯಲ್ಲೆಲ್ಲ ಬೆಳಕು, ಆ ಒಂದು ಮನೆ ಕಪ್ಪಗೆ. ಹುಡುಗಿ ಹೊಸ್ತಿಲು ದಾಟಿದಳು, ದೀಪ ಹತ್ತಿತು. ಬೆಳಕಿನಲ್ಲಿ ಮೊದಲು ಕಂಡದ್ದು ವೈನಿಯ ಉರಿಮುಖ.

"ಸಾಕಾತಿಲ್ಲ ನಿಮ್ಮ ರೈಲು?"

ಅಣ್ಣ ಟವೆಲ್ ಹೆಗಲಿಗೆ ಹಾಕಿಕೊಂಡು ಹೇಳಿದ, "ರೈಲಿನ ತಪ್ಪೇನದ? ಹತ್ತಿದವರನ್ನೆಲ್ಲ ಟೈಮಿಗೆ ಮುಟ್ಟಿಸ್ಯಾದಲ್ಲ!"