ಒಂದು ‘ರೀ’ಗಾಗಿ ಕೆರೆಯ ಊರಿಗೆ

“ಒಂದೇ ಒಂದು ದಿನ ಸಾಕು! ಕೆರೆ ತೋರಿಸಿ, ದೋಣೀಲಿ ಒಂದು ಸುತ್ತು ಹಾಕಿಸಿ, ಸಂಜೆಯೊಳಗೆ ನಿಮ್ಮಮ್ಮನ ಬಾಯಲ್ಲಿ ‘ರೀ’ ಅನ್ನಿಸದೇ ಇದ್ರೆ ನಾನು ಕಂಡಕ್ಟರೇ ಅಲ್ಲ!”

ನಿವೃತ್ತ ಕಂಡಕ್ಟರು ಮಗಳ ಮುಂದೆ ಹೀಗೊಂದು ಭೀಷ್ಮಪ್ರತಿಜ್ಞೆ ಮಾಡಿದರು.

ಹೆಂಡತಿಗೆ ಮರೆವಿನ ಕಾಯಿಲೆ. ಮೊದಲು ಒಲೆಯ ಮೇಲಿಟ್ಟ ಹಾಲನ್ನು ಮರೆತರು, ಆಮೇಲೆ ಮಗಳ ಮನೆಯ ದಾರಿ ಮರೆತರು, ಕೊನೆಗೆ ಗಂಡನನ್ನೇ ಮರೆತರು. “ರೀ, ಊಟಕ್ಕೆ ಬನ್ನಿ”, “ರೀ, ಕಿವಿ ಕೇಳಿಸಲ್ವಾ?” ಎಂದು ದಿನವಿಡೀ ಕೂಗುತ್ತಿದ್ದವರು ಈಗ “ಯಾರಪ್ಪಾ ನೀವು?” ಅನ್ನುತ್ತಾರೆ. ಹಳೇ ಸಲುಗೆಯಲ್ಲಿ “ಏನೇ” ಎಂದರೆ “ಮರ್ಯಾದೆ ಕೊಟ್ಟು ಮಾತಾಡಿ!” ಎಂದು ಗದರುತ್ತಾರೆ. ಪಾಪ, ಕಂಡಕ್ಟರು ಸ್ವಂತ ಹೆಂಡತಿಯನ್ನು ‘ಅಮ್ಮಾ’ ಎಂದು ಕರೆಯಬೇಕಾಯಿತು. ಒಂದು ಕಾಲದಲ್ಲಿ ‘ರೀ’ ಕೇಳಿದರೆ ಸಾಕು ರೇಗುತ್ತಿದ್ದ ಮನುಷ್ಯ, ಈಗ ಆ ಒಂದಕ್ಷರಕ್ಕೆ ಬಾಯಿಬಾಯಿ ಬಿಡುತ್ತಿದ್ದರು.

“ಅಪ್ಪಾ, ಆ ಊರು ನಿಮಗೆ ಸರಿಯಾಗಿ ಗೊತ್ತಾ?”

“ಗೊತ್ತಾ ಅಂತ ಕೇಳ್ತೀಯಲ್ಲೇ! ಸರ್ವಿಸ್ ಪೂರ್ತಿ ಅದೇ ರೂಟು. ಆ ಊರು ನನಗೆ ಅಂಗೈ ನೆಲ್ಲಿಕಾಯಿ!”

ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಬಸ್ಸು ಅಲ್ಲಿ ನಿಲ್ಲುತ್ತಿದ್ದುದು ಒಂದು ಚಹಾ ಕುಡಿಯುವಷ್ಟು ಹೊತ್ತು. ಅವರು ಕಂಡ ಊರೆಂದರೆ ನಿಲ್ದಾಣದ ಚಹಾ ಅಂಗಡಿ ಮತ್ತು ಶೌಚಾಲಯ! ಕೆರೆ ಕಾಣುತ್ತಿದ್ದುದು ಬಸ್ಸು ತಿರುಗುವಾಗ ಕಿಟಕಿಯಲ್ಲಿ ಒಂದು ಚೂರು. ಆದರೆ ಮನೆಗೆ ಬಂದು ಹೆಂಡತಿಯ ಮುಂದೆ ಬಣ್ಣಿಸುತ್ತಿದ್ದುದು ಕಡಿಮೆಯೇ? ದಡದುದ್ದಕ್ಕೂ ಹೂವಿನ ಮರ, ನೀರಿನ ಮೇಲೆ ಹಳದಿ ದೋಣಿ, ದೋಣಿಗೊಂದು ಕೆಂಪು ಕೊಡೆ! “ಮುಂದಿನ ರಜಕ್ಕೆ ಕರ್ಕೊಂಡು ಹೋಗ್ತೀನಿ” ಎಂದು ಮಂಗಳ ಹಾಡುತ್ತಿದ್ದರು. ರಜ ಬರುತ್ತಿತ್ತು, ಅದರ ಬೆನ್ನಿಗೇ ಓವರ್‌ಟೈಮೂ ಬರುತ್ತಿತ್ತು.

ಅಂತೂ ಹೊರಟರು. ಗುರುತು ಸಿಕ್ಕೀತೆಂದು ಕಂಡಕ್ಟರು ಹಳೆಯ ಸೀಟಿಯನ್ನು ಕತ್ತಿಗೆ ನೇತುಹಾಕಿಕೊಂಡರು. ನಿಲ್ದಾಣ ದಾಟಿದ್ದೇ ತಡ, ಅಂಗೈ ನೆಲ್ಲಿಕಾಯಿ ಕೈಜಾರಿತು. ಒಂದೇ ಔಷಧಿ ಅಂಗಡಿಯ ಮುಂದೆ ಮೂರು ಸಲ ಹಾದುಹೋದ ಮೇಲೆ ಅಂಗಡಿಯವನೇ ಕನಿಕರಿಸಿ ಕೆರೆಯ ದಾರಿ ತೋರಿಸಿದ.

ದಡದಲ್ಲಿ ನಿಂತು ಹೆಂಡತಿ ಆ ಕಡೆ ಈ ಕಡೆ ನೋಡಿದರು.

“ಇದಲ್ಲಪ್ಪಾ. ಹಳದಿ ದೋಣಿ ಎಲ್ಲಿ? ಕೆಂಪು ಕೊಡೆ ಇರುತ್ತೆ ಅಂತ ನಮ್ಮನೆಯವರು ಹೇಳಿದಾರೆ.”

ಗಂಡ ಮರೆತುಹೋಗಿದ್ದ, ಗಂಡ ಹೇಳಿದ ಬುರುಡೆ ಮಾತ್ರ ಒಂದಕ್ಷರ ಬಿಡದೆ ನೆನಪಿತ್ತು! ಕಂಡಕ್ಟರು ಬೇಗ ಒಂದು ನೀಲಿ ಪೆಡಲ್ ದೋಣಿ ಹಿಡಿದು, ಲೈಫ್ ಜಾಕೆಟ್ ತೊಡಿಸಿ ಹೆಂಡತಿಯನ್ನು ಕೂರಿಸಿ, ತಮ್ಮ ಕೊಡೆಯನ್ನೇ ಬಿಚ್ಚಿ ಹಿಡಿದರು.

“ಕೊಡೆ ಕಪ್ಪಗಿದೆಯಲ್ಲಾ?”

“ಬಿಸಿಲಿಗೆ ಕಪ್ಪಾಗಿದೆಯಮ್ಮಾ.”

ಸ್ವಲ್ಪ ದೂರ ಹೋಗುವಷ್ಟರಲ್ಲಿ ಪೆಡಲಿನ ಚೈನು ಕಳಚಿತು. ದೋಣಿ ನಿಂತಲ್ಲೇ ಗಿರಗಿರ ತಿರುಗತೊಡಗಿತು. ಹೆಂಡತಿ ಗಾಬರಿಯಿಂದ ಎದ್ದು ನಿಂತರು. “ನಿಲ್ಸಿ! ನಾನು ಇಳೀಬೇಕು!”

ಪ್ಯಾಸೆಂಜರು ‘ಇಳೀಬೇಕು’ ಅಂದಮೇಲೆ ಕೇಳಬೇಕೇ? ಕಂಡಕ್ಟರ ಕೈ ತಾನಾಗಿಯೇ ಸೀಟಿಗೆ ಹೋಯಿತು. “ಪೀ...! ಹೋಲ್ಡಾನ್!”

ಆ ಕೆರೆಯಲ್ಲಿ ಸೀಟಿಗೆ ಒಂದೇ ಅರ್ಥ: ಯಾರೋ ಮುಳುಗುತ್ತಿದ್ದಾರೆ! ರಕ್ಷಣಾ ದೋಣಿ ಭರ್ರೆಂದು ಬಂತು. ಅದು ಎಬ್ಬಿಸಿದ ಅಲೆಗೆ ನೀಲಿ ದೋಣಿ ಮಗುಚಿ, ಗಂಡ ಹೆಂಡತಿ ಇಬ್ಬರೂ ಸೊಂಟದುದ್ದದ ಕೆಸರುನೀರಿಗೆ ದುಡುಂ!

“ಮುಳುಗಿದ್ದು ಯಾರು?” ಎಂದು ಕೂಗಿದ ರಕ್ಷಣೆಯವನು.

“ಇಷ್ಟು ಹೊತ್ತು ಯಾರೂ ಇಲ್ಲಪ್ಪಾ, ನೀನು ಬಂದ್ಮೇಲೆ ನಾವು!”

ದಡದಲ್ಲಿ ಯಾರೋ ಟವೆಲ್ ಹೊದಿಸಿ ಬೆಂಚಿನ ಮೇಲೆ ಕೂರಿಸಿದರು. ಕರೆತರಬೇಕಾದಾಗ ಕರೆತರಲಿಲ್ಲ, ಕರೆತಂದ ದಿನ ನೀರಿಗೆ ಕೆಡವಿದೆ ಎಂದು ಕಂಡಕ್ಟರು ತಮ್ಮನ್ನೇ ಶಪಿಸಿಕೊಂಡರು. ಹೆಂಡತಿ ಮಾತ್ರ ಸಂಜೆಬಿಸಿಲಿಗೆ ಹೊಳೆಯುವ ನೀರನ್ನು ನೋಡುತ್ತ ತಮ್ಮಷ್ಟಕ್ಕೆ ನಗುತ್ತಿದ್ದರು. ನೀರೆಲ್ಲ ಹಳದಿಯಾಗಿತ್ತು.

“ರೀ...”

ಕಂಡಕ್ಟರು ಥಟ್ಟನೆ ತಿರುಗಿದರು. ಹೆಂಡತಿಯ ಕಣ್ಣು ಅವರ ಕತ್ತಿನ ಸೀಟಿಯ ಮೇಲಿತ್ತು.

“ರೀ ಕಂಡಕ್ಟ್ರೇ, ನಮ್ಮನೆಯವರೂ ಬಸ್ಸಲ್ಲೇ ಇರೋದು. ಮುಂದಿನ ರಜಕ್ಕೆ ನನ್ನ ಇಲ್ಲಿಗೆ ಕರ್ಕೊಂಡು ಬರ್ತಾರೆ. ನಾನು ಆಗ್ಲೇ ನೋಡ್ಬಿಟ್ಟೆ ಅಂತ ಅವರಿಗೆ ಹೇಳ್ಬೇಡಿ. ಪಾಪ, ಬೇಜಾರು ಮಾಡ್ಕೋತಾರೆ.”

“ಹೇಳಲ್ಲಮ್ಮಾ” ಎಂದರು ಕಂಡಕ್ಟರು.